ರಸೀದಿಯ ಆರನೇ ಅಕ್ಷರ

2024ರ ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮನೆಯಲ್ಲಿ ಹೋಳಿಗೆ ಊಟ ಮುಗಿಸಿ ಕಟ್ಟೆಯ ಮೇಲೆ ಕೂತಿದ್ದೆವು. ಕಾಕಾನ ಮಗ ಬೆಂಗಳೂರಿನಲ್ಲಿ ‘ಡೇಟಾ ಅನಲಿಸ್ಟ್’ ಆಗಿ ಎರಡು ತಿಂಗಳಾಗಿತ್ತು. ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ನಾನು ಬೆಂಗಳೂರಿನಲ್ಲೇ ಹನ್ನೆರಡು ವರ್ಷದಿಂದ ಎಚ್‌ಆರ್ ಕೆಲಸದಲ್ಲಿರುವವನು. ಮಾತಿಗೆ ಮಾತು ಅಂತ, “ಯಾವುದರ ಮ್ಯಾಲೆ ಕೆಲಸ ಮಾಡ್ತೀಪಾ, ಎಕ್ಸೆಲ್ಲೋ ಪವರ್ ಬಿಐನೋ?” ಅಂದೆ. ಅವನು ಪಟಾಕಿ ಹಚ್ಚುತ್ತಿದ್ದ ಹುಡುಗರ ಕಡೆ ನೋಡಿದ. ಸ್ವಲ್ಪ ಹೊತ್ತು ಬಿಟ್ಟು, “ಫೋನ್ ಮ್ಯಾಲೆ, ಅಣ್ಣಾ” ಅಂದ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮಾಳಿಗೆಗೆ ಕರೆದುಕೊಂಡು ಹೋಗಿ ಒಂದು ಪ್ಲಾಸ್ಟಿಕ್ ಫೈಲ್ ತೋರಿಸಿದ. ಅದರಲ್ಲಿದ್ದದ್ದು ಆಫರ್ ಲೆಟರ್, ಒಂದು ರಸೀದಿ, ಇ-ಸ್ಟಾಂಪ್ ಕಾಗದದ ಮೇಲಿನ ಬಾಂಡ್‌ನ ಜೆರಾಕ್ಸ್. ಇರಬೇಕಾಗಿದ್ದು, ಆದರೆ ಇಲ್ಲದ್ದು: ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಕಾಂ ಮೂರರ ಒರಿಜಿನಲ್ ಮಾರ್ಕ್ಸ್‌ಕಾರ್ಡುಗಳು. ಮುಂದೆ ಬರೆದಿರುವುದು ಆ ಫೈಲ್‌ನ ಕತೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಕೆಲಸವೇ ಇಲ್ಲದ ಕೆಲಸದ ಜಾಹೀರಾತು

ಹುಡುಗ 2023ರಲ್ಲಿ ಬಿಕಾಂ ಮುಗಿಸಿದ. ಮೊದಲ ದರ್ಜೆ, ರಾಣೆಬೆನ್ನೂರಿನ ಕಾಲೇಜು. ಆಮೇಲೆ ಒಂದು ವರ್ಷ ಮನೆಯಲ್ಲೇ. ಅದೇನು ಅವನೊಬ್ಬನ ಹಣೆಬರಹ ಆಗಿರಲಿಲ್ಲ. 2022ರಲ್ಲಿ ದೊಡ್ಡ ಐಟಿ ಕಂಪನಿಗಳ ಆಫರ್ ಲೆಟರ್ ಕೈಯಲ್ಲಿ ಹಿಡಿದಿದ್ದ ಎಂಜಿನಿಯರಿಂಗ್ ಹುಡುಗರೇ ಎರಡು ವರ್ಷ ಜಾಯ್ನಿಂಗ್ ಡೇಟ್ ಕಾಯುತ್ತಾ ಕೂತಿದ್ದ ಕಾಲ ಅದು. ಮೇಲಿನವರು ಒಂದು ಮೆಟ್ಟಿಲು ಕೆಳಗಿಳಿದು ಅರ್ಜಿ ಹಾಕಿದರೆ ಕೆಳಗಿನವರಿಗೆ ಮೆಟ್ಟಿಲೇ ಉಳಿಯುವುದಿಲ್ಲ. ಯುವನಿಧಿಯ 3,000 ರೂಪಾಯಿ ಬರುತ್ತಿತ್ತು. ಗೋವಿನಜೋಳದ ಹೊಲಕ್ಕೆ ಹೋದರೆ ಅಪ್ಪ, “ಓದಿದಾಂವ ಇಲ್ಲಿಗ್ಯಾಕ ಬಂದಿ” ಅನ್ನುತ್ತಿದ್ದ. ಹೋಗದಿದ್ದರೆ ಓಣಿಯವರು ಅನ್ನುತ್ತಿದ್ದರು.

ಆಗಸ್ಟ್ ಕೊನೆಗೆ ಒಂದು ಜಾಬ್ ಆ್ಯಪ್‌ನಲ್ಲಿ ಅವನಿಗೆ ಕಂಡಿದ್ದು ಹೀಗಿತ್ತು: ಜ್ಯೂನಿಯರ್ ಡೇಟಾ ಅನಲಿಸ್ಟ್. ಎಂಐಎಸ್ ಮತ್ತು ಬ್ಯಾಕ್ ಆಫೀಸ್. ಫ್ರೆಷರ್ಸ್ ಮಾತ್ರ, ಯಾವುದೇ ಡಿಗ್ರಿ. ವರ್ಷಕ್ಕೆ 4.2 ಲಕ್ಷದವರೆಗೆ. ವಾರಕ್ಕೆ ಐದು ದಿನ. ಟಾರ್ಗೆಟ್ ಇಲ್ಲ. ತಕ್ಷಣ ಸೇರುವವರಿಗೆ ಆದ್ಯತೆ.

ಇದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಸಂಬಳ ಅಲ್ಲ, ‘ಟಾರ್ಗೆಟ್ ಇಲ್ಲ’ ಅನ್ನುವ ಎರಡು ಪದ. ಲೆಕ್ಕಪತ್ರದ ಕೆಲಸಕ್ಕೆ ಜನ ಬೇಕಾದಾಗ ಯಾರೂ ಅದನ್ನು ಬರೆಯುವುದಿಲ್ಲ; ಬರೆಯಬೇಕು ಅಂತ ಹೊಳೆಯುವುದೂ ಇಲ್ಲ. ನಮ್ಮಲ್ಲಿ ಇಡ್ಲಿಗೆ ಹುಳ ಬಿದ್ದಿಲ್ಲ ಅಂತ ಯಾವ ದರ್ಶಿನಿಯವನು ಬೋರ್ಡ್ ಹಾಕುತ್ತಾನೆ? ಬರೆದವನ ತಲೆಯಲ್ಲಿ ಇದ್ದದ್ದು ಸೇಲ್ಸ್. ಬಂದವರು ಮೊದಲು ಕೇಳುವ ಪ್ರಶ್ನೆ ಯಾವುದು ಅಂತ ಅವನಿಗೆ ಗೊತ್ತಿತ್ತು, ಅದಕ್ಕೆ ಮುಂಚಿತವಾಗಿಯೇ ಉತ್ತರ ಬರೆದಿಟ್ಟಿದ್ದ.

ಎರಡನೆಯದು, ಅಲ್ಲಿ ಕೆಲಸವೇ ಇರಲಿಲ್ಲ. ಯಾವ ಡೇಟಾ, ಯಾರ ವ್ಯಾಪಾರದ್ದು, ದಿನಕ್ಕೊಂದು ವರದಿಯೋ ವಾರಕ್ಕೊಂದೋ, ಯಾರಿಗೆ ಕೊಡಬೇಕು, ಒಂದೂ ಇಲ್ಲ. ನಿಜವಾದ ಜಾಹೀರಾತು ಓದೋಕೆ ಬೇಜಾರಾಗುವಂಥದ್ದು. ‘ಗೋದಾಮಿನ ಸ್ಟಾಕ್ ರಿಜಿಸ್ಟರ್ ಟ್ಯಾಲಿಗೆ ಹಾಕುವುದು, ತಿಂಗಳ ಕೊನೆಗೆ ಜಿಎಸ್‌ಟಿ ರಿಟರ್ನ್‌ಗೆ ಲೆಕ್ಕ ತಯಾರಿಸುವುದು’ ಅಂತ ಇರುತ್ತದೆ. ಬೇಜಾರು ಹುಟ್ಟಿಸುವ ವಿವರ ಇದ್ದ ಕಡೆ ಸಾಮಾನ್ಯವಾಗಿ ಕೆಲಸವೂ ಇರುತ್ತದೆ.

ಇಲ್ಲಿ ನನ್ನ ಕಡೆಯ ತಪ್ಪನ್ನೂ ಹೇಳಿಬಿಡಬೇಕು. ‘ಇಷ್ಟರವರೆಗೆ’ ಅಂತ ಸಂಬಳ ಬರೆದು ಅದರ ಮುಕ್ಕಾಲು ಪಾಲು ಕೊಡುವ ಕೆಲಸ ನಾವೂ ಮಾಡಿದ್ದೇವೆ. ಒಳಗಿನವರೊಬ್ಬರಿಗೆ ಹುದ್ದೆ ನಿಕ್ಕಿಯಾದ ಮೇಲೂ ನಿಯಮಕ್ಕಾಗಿ ಜಾಹೀರಾತು ಹಾಕಿ, ನಲವತ್ತು ಜನರ ರೆಸ್ಯೂಮೆ ತರಿಸಿಕೊಂಡು, ನಾಲ್ವರನ್ನು ಕರೆದು ಕೂರಿಸಿದ್ದೇನೆ. ಮೋಸಗಾರರು ಹೊಸ ಭಾಷೆ ಹುಟ್ಟಿಸಲಿಲ್ಲ. ನಮ್ಮ ಭಾಷೆಯನ್ನೇ ಎತ್ತಿಕೊಂಡರು. ಹಳ್ಳಿಯ ಹುಡುಗ ಎರಡರ ನಡುವಿನ ಗೆರೆ ಎಲ್ಲಿ ಅಂತ ಹುಡುಕಬೇಕು?

ಏಳು ನಿಮಿಷ

ಅರ್ಜಿ ಒತ್ತಿದ ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು. ಹೆಣ್ಣು ದನಿ, ಚೆಂದದ ಬೆಂಗಳೂರು ಕನ್ನಡ. “ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ. ಬುಧವಾರ ಹತ್ತೂವರೆಗೆ ಎಚ್‌ಆರ್ ರೌಂಡ್. ಎರಡು ಸೆಟ್ ಜೆರಾಕ್ಸ್, ವೆರಿಫಿಕೇಶನ್‌ಗೆ ಒರಿಜಿನಲ್ಸ್, ಮತ್ತೆ ಚೆಕ್‌ಬುಕ್ ತಗೊಂಡು ಬನ್ನಿ. ಸ್ಯಾಲರಿ ಅಕೌಂಟ್ ಓಪನ್ ಮಾಡೋಕೆ.”

ಚೆಕ್‌ಬುಕ್! ಇಂಟರ್‌ವ್ಯೂಗೆ ಬರುವವನಿಂದ ಚೆಕ್‌ಬುಕ್ ತರಿಸುವ ಕಂಪನಿಯನ್ನು ನಾನಂತೂ ಕಂಡಿಲ್ಲ. ಸಂಬಳ ಶುರುವಾಗುವಾಗ ಖಾತೆ ಸಂಖ್ಯೆ ಖಾತ್ರಿಗೆ ಅಡ್ಡಗೆರೆ ಎಳೆದು ರದ್ದು ಮಾಡಿದ ಒಂದು ಚೆಕ್ ಕೇಳುವುದುಂಟು, ಅದೂ ಕೆಲಸಕ್ಕೆ ಸೇರಿದ ಮೇಲೆ. ಹುಡುಗನಿಗೆ ಚೆಕ್‌ಬುಕ್ಕೇ ಇರಲಿಲ್ಲ. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟು, “ಬೆಂಗಳೂರಾಗ ಕೆಲಸ ಸಿಕ್ಕೈತ್ರಿ” ಅಂತ ಹೇಳಿ ತರಿಸಿಕೊಂಡ. ಹಾಗಾಗಿ ಇಂಟರ್‌ವ್ಯೂ ಒಂದು ವಾರ ಮುಂದೆ ಹೋಯಿತು. ಅವರು ಒಂದು ಮಾತೂ ಆಡದೆ ದಿನ ಬದಲಿಸಿಕೊಟ್ಟರು. ಸಾವಿರ ಅರ್ಜಿ ಬರುವ ಹುದ್ದೆಗೆ ಇಷ್ಟು ತಾಳ್ಮೆ ಎಲ್ಲಿಂದ ಬಂತು ಅನ್ನುವುದು ಅವತ್ತು ಯಾರಿಗೂ ಹೊಳೆಯಲಿಲ್ಲ.

ರಾತ್ರಿ ಬಸ್ಸು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು ಇಸ್ತ್ರಿ ಅಂಗಿ ಹಾಕಿಕೊಂಡು, ಹತ್ತಕ್ಕೇ ಹಾಜರು. ರಾಜಾಜಿನಗರದ ಒಂದು ಕಟ್ಟಡ, ಕೆಳಗೆ ದರ್ಶಿನಿ, ಮೂರನೇ ಮಹಡಿಯಲ್ಲಿ ಆಫೀಸು. ಬಾಗಿಲ ಪಕ್ಕದ ಹಳೆಯ ಬೋರ್ಡಿನ ಮೇಲೆ ಕಂಪನಿಯ ಹೆಸರು ಮುದ್ರಿಸಿದ ಎ-ಫೋರ್ ಹಾಳೆ ಅಂಟಿಸಿತ್ತು. ಸೆಲ್ಲೋಟೇಪಿನ ಅಂಚಿನಲ್ಲಿ ಕೆಳಗಿನ ಹೆಸರಿನ ಮೊದಲ ಅಕ್ಷರ ಇಣುಕುತ್ತಿತ್ತು. ಒಳಗೆ ಹದಿನಾಲ್ಕು ಜನ ಕಾಯುತ್ತಿದ್ದರು. ಗಾಜಿನ ಆಚೆ ಇಪ್ಪತ್ತು ಮಂದಿ ಫೋನಿನಲ್ಲಿ ಮಾತಾಡುತ್ತಿದ್ದರು. ಯಾರ ಕೊರಳಲ್ಲೂ ಐಡಿ ಕಾರ್ಡ್ ಇಲ್ಲ, ಯಾರಿಗೂ ಇಪ್ಪತ್ತೈದು ದಾಟಿದಂತೆ ಕಾಣಲಿಲ್ಲ. “ಡೇಟಾ ಅನಲಿಸ್ಟ್ ಎಲ್ಲಿ ಕುಂತಿದ್ರು?” ಅಂತ ಕೇಳಿದೆ. “ಅದು ಬ್ಯಾರೆ ಬ್ರಾಂಚ್ ಇರಬೇಕು ಅನ್ಕೊಂಡೆ, ಅಣ್ಣಾ.”

ನಾಲ್ಕು ಪುಟದ ಫಾರಂ ಕೊಟ್ಟರು. ಅಪ್ಪನ ಉದ್ಯೋಗ, ವಾರ್ಷಿಕ ಆದಾಯ, ಸ್ವಂತ ಮನೆಯೋ ಬಾಡಿಗೆಯೋ, ಜಮೀನು ಎಷ್ಟು ಎಕರೆ, ಒಡಹುಟ್ಟಿದವರು ಏನು ಮಾಡುತ್ತಾರೆ, ಬೆಂಗಳೂರಿನಲ್ಲಿರುವ ಇಬ್ಬರು ಸಂಬಂಧಿಕರ ಫೋನ್ ನಂಬರ್. ಏನೇನು ಕೆಲಸ ಬರುತ್ತದೆ ಅನ್ನುವುದಕ್ಕೆ ಕೊನೆಯ ಪುಟದಲ್ಲಿ ಅರ್ಧ ಸಾಲು. ಸಂಬಂಧಿಕರ ಕಾಲಂನಲ್ಲಿ ನನ್ನ ನಂಬರ್ ಬರೆದಿದ್ದ. ಯಾರೂ ನನಗೆ ಫೋನ್ ಮಾಡಲಿಲ್ಲ.

ಇಂಟರ್‌ವ್ಯೂ ನಡೆದದ್ದು ಏಳು ನಿಮಿಷ. ಗೋಡೆ ಗಡಿಯಾರ ಎದುರಿಗೇ ಇತ್ತಂತೆ, ಅದಕ್ಕೇ ಅಷ್ಟು ಕರಾರುವಾಕ್ಕಾಗಿ ನೆನಪಿದೆ.

“ತಂದೆ ಏನ್ ಮಾಡ್ತಾರೆ?”

“ಒಕ್ಕಲುತನ ರೀ ಸರ್.”

“ಎಷ್ಟು ಎಕರೆ? ನೀರಾವರಿನಾ?”

“ನಾಕ್ ಎಕರೆ ಸರ್. ಬೋರ್ ಐತ್ರಿ.”

“ಅಕ್ಕ ತಂಗಿ ಮದುವೆ ಆಗಿದೆಯಾ?”

“ಅಕ್ಕಂದು ಆಗೇತ್ರಿ.”

“ಮನೇಲಿ ದುಡ್ಡಿನ ವಿಚಾರ ಎಲ್ಲಾ ಯಾರು ಡಿಸೈಡ್ ಮಾಡೋದು, ತಂದೆನಾ ತಾಯಿನಾ?”

ಆಮೇಲೆ ‘ಟೆಕ್ನಿಕಲ್’. ಎಕ್ಸೆಲ್‌ನಲ್ಲಿ ವಿ-ಲುಕಪ್ ಗೊತ್ತಾ? ಗೊತ್ತು ಸರ್. ಗುಡ್.

ನನ್ನ ಮಟ್ಟಿಗೆ ಇಡೀ ಪ್ರಕರಣ ಇಲ್ಲಿಗೇ ಬಗೆಹರಿದಿತ್ತು. ಡೆಲಿವರಿ ಹುಡುಗನನ್ನು ತೆಗೆದುಕೊಳ್ಳುವಾಗಲೂ ಗಾಡಿ ಓಡಿಸಿ ತೋರಿಸು ಅನ್ನುತ್ತೇವೆ. ಆಳು ಬೇಕಾದವರು ಕೆಲಸ ಬರುತ್ತದೋ ಇಲ್ಲವೋ ಅಂತ ಕೆದಕಿ ಕೇಳುತ್ತಾರೆ, ಯಾಕೆಂದರೆ ಬರದಿದ್ದರೆ ನಷ್ಟ ಅವರದು. ಮನೆಯಲ್ಲಿ ದುಡ್ಡಿನ ನಿರ್ಧಾರ ಯಾರದು, ಕೈಯಲ್ಲಿ ಎಷ್ಟಿದೆ, ಬೇರೆ ಖರ್ಚು ಬಾಕಿ ಇದೆಯೇ ಅನ್ನುವುದು ಇನ್ಶೂರೆನ್ಸ್ ಏಜೆಂಟ್ ಕೇಳುವ ಪ್ರಶ್ನೆ, ಸೈಟ್ ಮಾರುವವನು ಕೇಳುವ ಪ್ರಶ್ನೆ. ಆ ಕುರ್ಚಿಯ ಮೇಲೆ ಹುಡುಗ ಅಭ್ಯರ್ಥಿ ಅಂದುಕೊಂಡು ಕೂತಿದ್ದ. ಎದುರಿನವನು ಗಿರಾಕಿಯನ್ನು ಅಳೆಯುತ್ತಿದ್ದ.

ಇವನು ತಿರುಗಿ ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು: ಸೋಮವಾರ ಸೇರಿದರೆ ಅವತ್ತು ನಾನು ಯಾರ ಕೈಕೆಳಗೆ ಏನು ಮಾಡುತ್ತೇನೆ, ಅವರನ್ನು ಒಂದು ನಿಮಿಷ ನೋಡಬಹುದಾ? ಕೆಲಸ ಇರುವ ಜಾಗದಲ್ಲಿ ಇದಕ್ಕೆ ಸಿಗುವ ಉತ್ತರ ಗಲೀಜಾಗಿರುತ್ತದೆ. ‘ಅವರು ರಜೆ ಮೇಲಿದ್ದಾರೆ, ಆ ಶೀಟ್ ಹಾಳಾಗಿ ಕೂತಿದೆ, ಮೊದಲು ಅದನ್ನು ಸರಿ ಮಾಡಬೇಕು’ ಅನ್ನುತ್ತಾರೆ. ಕೆಲಸ ಇಲ್ಲದ ಜಾಗದಲ್ಲಿ, ‘ಎಲ್ಲಾ ಟ್ರೈನಿಂಗ್‌ನಲ್ಲಿ ಹೇಳ್ತೀವಿ.’ ಆದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದು, ಮಾರ್ಕ್ಸ್‌ಕಾರ್ಡ್ ಅವರ ಮೇಜಿನ ಮೇಲಿಟ್ಟ ಹುಡುಗನ ಬಾಯಲ್ಲಿ ಈ ಪ್ರಶ್ನೆ ಬರುವುದಿಲ್ಲ ಅಂತಲೂ ನನಗೆ ಗೊತ್ತು.

ಎರಡೂವರೆ ಗಂಟೆ ಕಾಯಿಸಿದರು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. “ಕಂಗ್ರಾಟ್ಸ್, ಹದಿನಾಲ್ಕು ಜನದಲ್ಲಿ ಮೂರೇ ಜನ ಸೆಲೆಕ್ಟ್.” ಹದಿನಾಲ್ಕೂ ಜನರಿಗೆ ಇದೇ ಮಾತು ಹೇಳಿದ್ದರೆಂದು ತಿಂಗಳಾದ ಮೇಲೆ ಗೊತ್ತಾಯಿತು. ಆಫರ್ ಲೆಟರ್ ಮೇಜಿನ ಮೇಲೆ. ಅದರ ಪಕ್ಕದಲ್ಲಿ ಇನ್ನೊಂದು ಹಾಳೆ: 45 ದಿನದ ತರಬೇತಿ, ‘ರಿಫಂಡಬಲ್ ಡೆಪಾಸಿಟ್’ 35,000, ಆರು ತಿಂಗಳ ನಂತರ ಸಂಬಳದ ಜೊತೆ ವಾಪಸ್. ಇವತ್ತು ಸಂಜೆಯೊಳಗೆ ಕಟ್ಟದಿದ್ದರೆ ಸೀಟು ವೇಟಿಂಗ್ ಲಿಸ್ಟ್‌ನವರಿಗೆ.

‘ಕೆಲಸಕ್ಕೆ ಹಣ ಕೇಳಿದರೆ ಅದು ಮೋಸ’ ಅನ್ನುವ ಮೆಸೇಜನ್ನು ಈ ಹುಡುಗ ತಾನೇ ಕಾಲೇಜು ಗ್ರೂಪಿಗೆ ಫಾರ್ವರ್ಡ್ ಮಾಡಿದ್ದವನು. ಅದು ಯಾಕೆ ಅವನ ಕೈ ಹಿಡಿಯಲಿಲ್ಲ? ಕೆಲಸಕ್ಕೆ ಯಾರೂ ಹಣ ಕೇಳಲಿಲ್ಲವಲ್ಲ. ಕೆಲಸ ಆಗಲೇ ಸಿಕ್ಕಿಬಿಟ್ಟಿತ್ತು, ಮನೆಗೆ ಫೋನ್ ಹೋಗಿತ್ತು, ಅವ್ವ ದೇವರಿಗೆ ಕಾಯಿ ಒಡೆಸಿದ್ದಳು. ಹಣ ಕೇಳಿದ್ದು ತರಬೇತಿಗೆ. ಸ್ಪೆಲಿಂಗ್ ತಪ್ಪಿದ್ದರೆ, ಜಿಮೇಲ್ ವಿಳಾಸ ಇದ್ದರೆ ಎಚ್ಚರ ಅನ್ನುವ ಬುದ್ಧಿಮಾತೂ ಇಲ್ಲಿ ನಡೆಯಲಿಲ್ಲ. ಇವರ ಇಂಗ್ಲಿಷು ನಮ್ಮ ಕಂಪನಿಯದಕ್ಕಿಂತ ನೀಟಾಗಿತ್ತು, ಸ್ವಂತ ವೆಬ್‌ಸೈಟು, ಅದೇ ಹೆಸರಿನ ಇಮೇಲು. ಸ್ವಂತ ಡೊಮೇನ್‌ಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಕೊಟ್ಟರೆ ಸಾಕು.

ಕಕ್ಕಿ ಸಂಘದಲ್ಲಿ ಸಾಲ ಎತ್ತಿದಳು. ಕಾಕಾ ಕಾಳಿನ ಅಂಗಡಿಯವರ ಹತ್ತಿರ ಮುಂಗಡ ಕೇಳಿದ. ಸಂಜೆ ನಾಲ್ಕೂಮುಕ್ಕಾಲಿಗೆ ಎರಡು ಕಂತಿನಲ್ಲಿ ಯುಪಿಐ ಮೂಲಕ 41,300 ರೂಪಾಯಿ ಹೋಯಿತು. 35,000 ಡೆಪಾಸಿಟ್, ಅದರ ಮೇಲೆ ಶೇಕಡ 18 ಜಿಎಸ್‌ಟಿ 6,300.

“ಜಿಎಸ್‌ಟಿ ಹಾಕ್ಯಾರ ಅಂದ್ರ ಗವರ್ಮೆಂಟ್ ರೆಕಾರ್ಡಿನ್ಯಾಗ ಐತಿ ಅಂತಲ್ಲಣ್ಣಾ? ಅದಕ್ಕ ಧೈರ್ಯ ಬಂತು.”

ರಸೀದಿ

ಧೈರ್ಯ ಕೊಟ್ಟ ಆ ರಸೀದಿಯೇ ಆಮೇಲೆ ನಮ್ಮ ಕೈ ಹಿಡಿಯಿತು.

ಮೊದಲ ಮಾತು, ವಾಪಸ್ ಕೊಡುವ ಡೆಪಾಸಿಟ್‌ಗೆ ಜಿಎಸ್‌ಟಿ ಹಾಕುವುದಿಲ್ಲ. ಸರಕೋ ಸೇವೆಯೋ ಮಾರಿದ್ದಕ್ಕೆ ಬಂದ ಹಣಕ್ಕೆ ತೆರಿಗೆ. ಡೆಪಾಸಿಟ್ ಅನ್ನುವುದು ಮಾರಾಟದ ಹಣವಾಗಿ ಹೊಂದಿಸಿಕೊಳ್ಳುವವರೆಗೆ ಕೊಟ್ಟವನದೇ ಹಣ. ಶೇಕಡ 18 ಹಾಕಿದ ಗಳಿಗೆಯಲ್ಲೇ ಅವರು ತಮ್ಮ ಕೈಯಾರೆ ಬರೆದುಕೊಟ್ಟಿದ್ದರು: ನಾವು ಇವನಿಗೆ ಏನೋ ಮಾರಿದ್ದೇವೆ. ರಸೀದಿಯ ವಿವರದ ಕಾಲಂನಲ್ಲೂ ಡೆಪಾಸಿಟ್ ಅನ್ನುವ ಪದ ಇರಲಿಲ್ಲ. ‘ಸಾಫ್ಟ್ ಸ್ಕಿಲ್ ಟ್ರೈನಿಂಗ್ ಫೀ’ ಅಂತಿತ್ತು.

ಎರಡನೆಯದು ಆ ಜಿಎಸ್‌ಟಿ ಸಂಖ್ಯೆ. ಹದಿನೈದು ಅಕ್ಷರ-ಅಂಕಿಗಳ ಈ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು, ಮಾಲೀಕರ ಪ್ಯಾನ್. ಪ್ಯಾನ್‌ನ ನಾಲ್ಕನೆಯ ಅಕ್ಷರ ಅದು ಯಾರದ್ದೆಂದು ಹೇಳುತ್ತದೆ: ಕಂಪನಿಯಾದರೆ ಸಿ, ಪಾಲುದಾರಿಕೆ ಸಂಸ್ಥೆಯಾದರೆ ಎಫ್, ಒಬ್ಬ ವ್ಯಕ್ತಿಯದಾದರೆ ಪಿ. ಅಂದರೆ ಜಿಎಸ್‌ಟಿ ಸಂಖ್ಯೆಯಲ್ಲಿ ಎಣಿಸಿದರೆ ಆರನೆಯದು. ಮಾಳಿಗೆಯ ಮೇಲೆ ಮೊಬೈಲ್ ಟಾರ್ಚ್ ಹಿಡಿದು ಇಬ್ಬರೂ ಬೆರಳಿಟ್ಟು ಎಣಿಸಿದೆವು. ಪಿ.

ಆಫರ್ ಲೆಟರಿನ ತಲೆಯಲ್ಲಿ ಮಾತ್ರ ದಪ್ಪಕ್ಷರದಲ್ಲಿ ‘ಪ್ರೈವೇಟ್ ಲಿಮಿಟೆಡ್’, ಕೆಳಗೆ ‘2009ರಿಂದ’. ನಿಜವಾದ ಕಂಪನಿಯಾದರೆ 2013ರ ಕಂಪನಿ ಕಾಯ್ದೆ ಪ್ರಕಾರ ಲೆಟರ್‌ಹೆಡ್‌ನಲ್ಲಿ ಸಿಐಎನ್ ಅನ್ನುವ ಕಂಪನಿ ಗುರುತಿನ ಸಂಖ್ಯೆ ಇರಲೇಬೇಕು. ಇಪ್ಪತ್ತೊಂದು ಅಕ್ಷರ-ಅಂಕಿಯ ಆ ಸಂಖ್ಯೆಯೊಳಗೇ ಯಾವ ರಾಜ್ಯದಲ್ಲಿ ಯಾವ ವರ್ಷ ನೋಂದಣಿಯಾಗಿದೆ ಅನ್ನುವುದೂ ಅಡಗಿರುತ್ತದೆ. ಈ ಲೆಟರ್‌ನಲ್ಲಿ ಅದು ಇರಲಿಲ್ಲ. ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ಆ ಹೆಸರಿನ ಕಂಪನಿಯೂ ಸಿಗಲಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಂಖ್ಯೆ ಹಾಕಿದರೆ ಮಾಲೀಕನ ಹೆಸರು ಬಂತು, ಸಂಸ್ಥೆಯ ಸ್ವರೂಪ ಪ್ರೊಪ್ರೈಟರ್‌ಶಿಪ್, ಅಂದರೆ ಒಬ್ಬನದೇ ಮಾಲೀಕತ್ವ, ನೋಂದಣಿ 2023. ಎಲ್ಲವೂ ಪುಕ್ಕಟೆ, ಹತ್ತು ನಿಮಿಷದ ಕೆಲಸ. ಹುಡುಗ ಪರದೆಯನ್ನೇ ನೋಡುತ್ತಾ, “ಇದನ್ನ ಬಿಕಾಂನ್ಯಾಗ ಓದೀನಿ, ಅಣ್ಣಾ” ಅಂದ. ಹೌದು, ಜಿಎಸ್‌ಟಿ ಅವನ ಪಠ್ಯದಲ್ಲೇ ಇತ್ತು. ಅದನ್ನು ತನಗೆ ಕೆಲಸ ಕೊಡುವವರ ಮೇಲೇ ಪ್ರಯೋಗಿಸಬಹುದು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಮೂರನೆಯ ಕಾಗದ ಬಾಂಡ್. ಹದಿನೆಂಟು ತಿಂಗಳು ಬಿಟ್ಟು ಹೋಗುವಂತಿಲ್ಲ, ಹೋದರೆ ಒಂದೂವರೆ ಲಕ್ಷ, ಯಾಕೆಂದರೆ ‘ಎರಡನೇ ಪಕ್ಷಗಾರನ ತರಬೇತಿಯ ಸಂಪೂರ್ಣ ವೆಚ್ಚವನ್ನು ಸಂಸ್ಥೆಯೇ ಭರಿಸಿರುತ್ತದೆ.’ ಅದೇ ಫೈಲ್‌ನಲ್ಲಿ, ಪಿನ್ ಹಾಕಿ ಜೊತೆಗಿಟ್ಟ ರಸೀದಿಯಲ್ಲಿ, ತರಬೇತಿ ಶುಲ್ಕ ಅವನೇ ಕಟ್ಟಿದ್ದಾನೆ. ಎರಡೂ ಕಾಗದಕ್ಕೆ ಒಂದೇ ದಿನದ ತಾರೀಖು, ಒಂದೇ ಸಹಿ. ಇಷ್ಟು ನಾಜೂಕಾಗಿ ಬಲೆ ಹೆಣೆದವರು ತಮ್ಮ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಓದಿರಲಿಲ್ಲ. ಓದುವವರು ಯಾರೂ ಬರುವುದಿಲ್ಲ ಅನ್ನುವ ನಂಬಿಕೆ ಇದ್ದಿರಬೇಕು.

ಫೋನಿನ ಈಚೆ ಬದಿ

ತರಬೇತಿ ಅಂದರೆ ಎಕ್ಸೆಲ್‌ನ ಪಿಪಿಟಿ ನಾಲ್ಕು ದಿನ, ಆಮೇಲೆ ‘ಕಮ್ಯೂನಿಕೇಶನ್’. ಆರು ವಾರ ಕಳೆಯುತ್ತಲೇ ಅವನನ್ನು ಗಾಜಿನ ಆಚೆಗೆ ಕೂರಿಸಿದರು. ಹುದ್ದೆ ‘ಎಚ್‌ಆರ್ ಟ್ರೈನಿ’. “ಕ್ಲೈಂಟ್ ಪ್ರಾಜೆಕ್ಟ್ ಬರೋವರೆಗೂ ಇಲ್ಲಿರಿ.” ಕೈಗೆ ಒಂದು ಸಿಮ್ಮು, ಜಾಬ್ ಆ್ಯಪ್‌ನಿಂದ ಇಳಿಸಿದ ನಂಬರುಗಳ ಪಟ್ಟಿ, ಓದಿ ಹೇಳಲು ಒಂದು ಹಾಳೆ. ಹಾಳೆಯ ಮೊದಲ ಸಾಲು: ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ.

ದಿನಕ್ಕೆ 120 ಕಾಲ್. ಟಾರ್ಗೆಟ್ ಇಲ್ಲ ಅಂದಿದ್ದರಲ್ಲ, ಇದಕ್ಕೆ ‘ಡೈಲಿ ಗೋಲ್’ ಅಂತ ಹೆಸರು. ತಿಂಗಳಿಗೆ 8,000 ‘ಸ್ಟೈಪೆಂಡ್’, ಒಬ್ಬರ ಖಾಸಗಿ ನಂಬರಿನಿಂದ ಯುಪಿಐ. ಬೆಂಗಳೂರಿನ ಕನಿಷ್ಠ ವೇತನಕ್ಕಿಂತ ಎಷ್ಟೋ ಕೆಳಗೆ. ಕರೆತಂದವರಲ್ಲಿ ಯಾರಾದರೂ ದುಡ್ಡು ಕಟ್ಟಿದರೆ ತಲೆಗೆ 1,500. ಅವನಿಗೆ ಒಟ್ಟು ಎರಡು ಸ್ಟೈಪೆಂಡ್ ಬಂತು. 41,300 ಕೊಟ್ಟು 16,000 ಸಂಬಳ ಪಡೆದ ಲೆಕ್ಕ. ಅವ್ವನ ಸಂಘದ ಸಾಲವೇ ಮಗನ ಸಂಬಳವಾಗಿ ವಾಪಸ್ ಬರುತ್ತಿತ್ತು.

ಒಂದು ಪ್ರಸಂಗ ಹೇಳಲೇಬೇಕು. ಯುವನಿಧಿಗೆ ಸೇವಾಸಿಂಧುವಿನಲ್ಲಿ ‘ನಾನು ಇನ್ನೂ ನಿರುದ್ಯೋಗಿ’ ಅಂತ ಘೋಷಣೆ ಕೊಡುತ್ತಿರಬೇಕು. ಹುಡುಗನಿಗೆ ಅಳುಕಾಯಿತು, ಕೆಲಸ ಸಿಕ್ಕ ಮೇಲೆ ಸರ್ಕಾರದ ದುಡ್ಡು ತಿನ್ನಬಾರದಲ್ಲ ಅಂತ. ಹೋಗಿ ಆಫೀಸಿನ ಮೇಡಂನ ಕೇಳಿದ. “ಏನೂ ಹೇಳಬೇಡಿ, ತಗೋತಾ ಇರಿ. ರೆಕಾರ್ಡ್‌ನಲ್ಲಿ ನೀವು ಇನ್ನೂ ಎಂಪ್ಲಾಯಿ ಅಲ್ಲ” ಅಂದಳಂತೆ. ಎರಡು ತಿಂಗಳಲ್ಲಿ ಆ ಆಫೀಸಿನಿಂದ ಹೊರಬಿದ್ದ ಒಂದೇ ಸತ್ಯವಾಕ್ಯ ಇದು. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಹಾಜರಿ ಪುಸ್ತಕದಲ್ಲಿ ಪೆನ್ಸಿಲ್ ಸಹಿ.

ಅವನು ಕರೆದವರಲ್ಲಿ ಒಂಬತ್ತು ಜನ ದುಡ್ಡು ಕಟ್ಟಿದ್ದರು. ನಾಲ್ವರ ಇನ್ಸೆಂಟಿವ್ ಅವನಿಗೆ ಬಂದಿತ್ತು, ಉಳಿದದ್ದು ‘ಪೆಂಡಿಂಗ್’.

“ಒಬ್ಬರಿಗಾದರೂ ಬರಬ್ಯಾಡ್ರಿ ಅಂದಿಯೇನು?”

“ಇಲ್ಲ.”

ಮಾಳಿಗೆಯ ಮೇಲೆ ನಾನೂ ಮತ್ತೇನೂ ಕೇಳಲಿಲ್ಲ.

ವಾಪಸ್ ಪಡೆದದ್ದು

ಹಬ್ಬ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ಮೊದಲು ಠಾಣೆಗೆ ಹೋದೆವು. ಸಬ್‌ ಇನ್‌ಸ್ಪೆಕ್ಟರ್ ಫೈಲ್ ತಿರುವಿ ಹಾಕಿ, “ಆಫರ್ ಲೆಟರ್ ಕೊಟ್ಟಿದ್ದಾರೆ, ಟ್ರೈನಿಂಗ್ ಕೊಟ್ಟಿದ್ದಾರೆ, ಸಂಬಳನೂ ಕೊಟ್ಟಿದ್ದಾರೆ, ಎಲ್ಲಿ ಚೀಟಿಂಗು?” ಅಂದರು. ಸಿವಿಲ್ ಸ್ವರೂಪದ ವ್ಯವಹಾರ ಎಂದು ಹಿಂಬರಹ ಕೊಟ್ಟು ಕಳಿಸಿದರು. ಸಿಟ್ಟು ಬಂತು, ಆದರೆ ಅವರ ಪ್ರಶ್ನೆಯಲ್ಲಿ ಹುರುಳೂ ಇತ್ತು. ಈ ದಂಧೆ ಕಟ್ಟಿರುವುದೇ ಹಾಗೆ: ಪ್ರತಿಯೊಂದು ಮಾತಿಗೂ ಒಂದು ಕಾಗದದ ಆಸರೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ ದೂರು ದಾಖಲಿಸಿದೆವು. ಹಣ ಹೋದ ಮೊದಲ ಕೆಲವು ಗಂಟೆಗಳಲ್ಲಿ ಮಾಡಿದ್ದರೆ ಖಾತೆ ತಡೆಹಿಡಿಯುವ ಅವಕಾಶ ಇರುತ್ತಿತ್ತು, ಎರಡು ತಿಂಗಳ ಮೇಲೆ ಏನಿದೆ.

ಹಳೆಯ ಸಹಪಾಠಿಯೊಬ್ಬ ವಕೀಲ. ಅವನು ಕಾಗದಗಳನ್ನು ನೋಡಿ ಎಲ್ಲಕ್ಕಿಂತ ಮೊದಲು ಹೆದರಿದ್ದು ಬಾಂಡ್‌ಗಲ್ಲ, ಚೆಕ್ಕಿಗೆ. ಲ್ಯಾಪ್‌ಟಾಪಿನ ಭದ್ರತೆಗೆ ಅಂತ ಸಹಿ ಹಾಕಿದ ಎರಡು ಖಾಲಿ ಚೆಕ್ ಕೊಟ್ಟಿದ್ದ ನಮ್ಮ ಹುಡುಗ. ಲ್ಯಾಪ್‌ಟಾಪ್ ಬರಲೇ ಇಲ್ಲ. ಖಾಲಿ ಚೆಕ್ಕಿಗೆ ಬೆಲೆ ಇಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಹಿ ನಿನ್ನದೇ ಆಗಿದ್ದರೆ ಉಳಿದದ್ದನ್ನು ಬೇರೆಯವರು ತುಂಬಿದ್ದರೂ ಸಾಲಕ್ಕಾಗಿ ಕೊಟ್ಟ ಚೆಕ್ ಎಂದೇ ಕಾನೂನು ಮೊದಲು ಭಾವಿಸುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ನಿನ್ನದು ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಬೌನ್ಸ್ ಆದರೆ ಎರಡು ವರ್ಷದವರೆಗೆ ಜೈಲು. ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಮಾಡಿಸಿದರೂ ಕೇಸಿನಿಂದ ತಪ್ಪಿಸಿಕೊಂಡಂತಾಗುವುದಿಲ್ಲ. ಹಾಗಾಗಿ ಮೊದಲ ಕೆಲಸವಾಗಿ ಚೆಕ್ ನಂಬರ್ ಸಮೇತ ಒಂದು ಇಮೇಲ್, ಒಂದು ರಿಜಿಸ್ಟರ್ಡ್ ಪೋಸ್ಟ್: ಈ ಚೆಕ್‌ಗಳನ್ನು ಖಾಲಿಯಾಗಿ ಭದ್ರತೆಗೆ ಪಡೆದಿದ್ದೀರಿ, ಲ್ಯಾಪ್‌ಟಾಪ್ ಕೊಟ್ಟಿಲ್ಲ, ಯಾವ ಸಾಲವೂ ಬಾಕಿ ಇಲ್ಲ, ಹಿಂತಿರುಗಿಸಿ.

ಬಾಂಡ್ ಬಗ್ಗೆ ವಾಟ್ಸ್ಆ್ಯಪ್ ಜ್ಞಾನ ಹೇಳುವಷ್ಟು ಸಲೀಸಿಲ್ಲ. ‘ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ’ ಅನ್ನುವುದು ಅರ್ಧ ಸತ್ಯ. ಮೂರು ವರ್ಷ ತುಂಬುವ ಮೊದಲು ಬಿಟ್ಟು ಹೋದರೆ ಎರಡು ಲಕ್ಷ ಅನ್ನುವ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ನಮ್ಮ ವಿಷಯ ಮುಗಿದ ಮೇಲೆ ಬಂದದ್ದು. ಆದರೆ ಅಲ್ಲಿ ಬ್ಯಾಂಕು ಖರ್ಚು ಮಾಡಿ ನೇಮಕಾತಿ ನಡೆಸಿತ್ತು, ನಿಜವಾದ ಹುದ್ದೆ ಇತ್ತು. ಇಲ್ಲಿ ಖರ್ಚು ಮಾಡಿದವನು ಹುಡುಗ, ಅದಕ್ಕೆ ಅವರದೇ ರಸೀದಿ ಸಾಕ್ಷಿ. ಕರಾರು ಕಾಯ್ದೆಯ 74ನೇ ಕಲಮಿನಡಿ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದುಕೊಂಡಷ್ಟೂ ಅಲ್ಲ.

ಮಾರ್ಕ್ಸ್‌ಕಾರ್ಡ್ ವಿಷಯದಲ್ಲಿ ಕಾಕಾನಿಗೆ ನಿದ್ದೆ ಇರಲಿಲ್ಲ. ಕಳೆದುಹೋದರೆ ಬೋರ್ಡೂ ವಿಶ್ವವಿದ್ಯಾಲಯವೂ ಎರಡನೇ ಪ್ರತಿ ಕೊಡುತ್ತವೆ, ಶುಲ್ಕ ಕಟ್ಟಿ ಓಡಾಡಬೇಕು ಅಷ್ಟೇ ಅಂತ ತಿಳಿದ ದಿನ ಅವರ ಹಿಡಿತ ಅರ್ಧ ಸಡಿಲವಾಯಿತು. ಆ ಹಾಳೆಗಳಿಗೆ ನಾವು ಕೊಡುವ ಬೆಲೆಯೇ ಅವರ ಬಂಡವಾಳ.

ಪಟ್ಟು ಹಾಕಿದ್ದು ಗ್ರಾಹಕ ಕಾಯ್ದೆ. ರಸೀದಿ ಪ್ರಕಾರ ಇವನು ನೌಕರ ಅಲ್ಲ, ತರಬೇತಿ ಕೊಂಡ ಗ್ರಾಹಕ. ಸರಿ, ಗ್ರಾಹಕನಾಗಿಯೇ ಹೋಗೋಣ ಅಂದ ವಕೀಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರ ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಜನವರಿಯಲ್ಲಿ ನೋಟಿಸ್ ಹೋಯಿತು: ಹದಿನೈದು ದಿನದೊಳಗೆ 41,300, ಒರಿಜಿನಲ್‌ಗಳು, ಚೆಕ್‌ಗಳು, ಇಲ್ಲವಾದರೆ ಹಾವೇರಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಭೇಟಿಯಾಗೋಣ. ಜೊತೆಗೆ ರಸೀದಿ, ಬಾಂಡ್ ಎರಡರ ಪ್ರತಿಗಳನ್ನೂ ಅಕ್ಕಪಕ್ಕ ಇಟ್ಟು ಒಂದೇ ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿ ಲಗತ್ತಿಸಿದ್ದ. ಪ್ರತಿ ತಾರೀಖಿಗೂ ರಾಜಾಜಿನಗರದಿಂದ ಹಾವೇರಿಗೆ ಬರುವ ಯೋಚನೆಯೇ ಅವರನ್ನು ಬಗ್ಗಿಸಿತೋ, ಆ ಜೆರಾಕ್ಸೋ, ಗೊತ್ತಿಲ್ಲ. ಹನ್ನೆರಡನೇ ದಿನ ಫೋನ್ ಬಂತು. ಅದೇ ಹೆಣ್ಣು ದನಿ, ಈ ಸಲ ಬಹಳ ಮೆತ್ತಗೆ.

ಕೊಟ್ಟದ್ದು 30,000, ಮಾರ್ಕ್ಸ್‌ಕಾರ್ಡುಗಳು, ಎರಡೂ ಚೆಕ್. ಬರೆಸಿಕೊಂಡದ್ದು, ಇನ್ನು ಯಾವ ತಕರಾರೂ ಇಲ್ಲ ಅಂತ. ನಾನು ಬೇಡ, ದೂರು ಹಾಕೇಬಿಡೋಣ ಅಂದೆ. ಕಾಕಾ ಒಪ್ಪಲಿಲ್ಲ. “ತಮ್ಮಾ, ಸಂಘದ ಸಾಲ ಮುಟ್ಟತೈತಿ. ಕೋರ್ಟ್ ಕಚೇರಿ ನಿಂದಾತು, ಹೊಲ ಯಾರು ನೋಡ್ತಾರ?” ಹಣ ಕಳೆದುಕೊಂಡವನು ಅವನು, ನಿರ್ಧಾರವೂ ಅವನದೇ. ದಂಧೆ ನಿಲ್ಲದೆ ನಡೆಯುವುದು ಇಂಥ ಒಪ್ಪಂದಗಳಿಂದಲೇ ಅನ್ನುವುದು ನನ್ನ ಅಭಿಪ್ರಾಯ, ಈಗಲೂ. ಆದರೆ 41,300 ರೂಪಾಯಿಗೆ ವರ್ಷಗಟ್ಟಲೆ ಓಡಾಡು ಅಂತ ಒಕ್ಕಲಿಗನಿಗೆ ಹೇಳುವುದು ಎಸಿ ಆಫೀಸಿನಲ್ಲಿ ಕೂತವನಿಗೆ ಸುಲಭ.

ಹುಡುಗ ಈಗ ರಾಣೆಬೆನ್ನೂರಿನಲ್ಲಿ ಒಂದು ಬೀಜದ ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ಬರೆಯುತ್ತಾನೆ. ತಿಂಗಳಿಗೆ 14,000. ಇಂಟರ್‌ವ್ಯೂನಲ್ಲಿ ಮಾಲೀಕರು ಒಂದು ಹಳೆಯ ರಿಜಿಸ್ಟರ್ ಮುಂದಿಟ್ಟು, “ಇದರಾಗ ತಪ್ಪು ಎಲ್ಲೈತಿ ಹುಡುಕು” ಅಂದರಂತೆ. ಮುಕ್ಕಾಲು ತಾಸು ಹಿಡಿಯಿತು. ಎಕರೆ ಲೆಕ್ಕ ಕೇಳಲಿಲ್ಲ.

ಮಾರ್ಚ್‌ನಲ್ಲಿ ಒಂದು ಭಾನುವಾರ ನನ್ನ ಎದುರಿಗೇ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದ. ಒಂಬತ್ತು ನಂಬರ್ ಬರೆದಿಟ್ಟುಕೊಂಡಿದ್ದ. ತನ್ನ ಸ್ವಂತ ಫೋನಿನಿಂದ ಒಂದೊಂದೇ ಹಚ್ಚಿದ. ಎರಡು ಚಾಲ್ತಿಯಲ್ಲಿರಲಿಲ್ಲ. ನಾಲ್ವರು ಎತ್ತಲಿಲ್ಲ. ಒಬ್ಬ ಬಾಯಿಗೆ ಬಂದಂತೆ ಬೈದ. ಇವನು ಪೂರ್ತಿ ಕೇಳಿಸಿಕೊಂಡ. ಗದಗಿನ ಹುಡುಗನೊಬ್ಬ ನೋಟಿಸಿನ ಪ್ರತಿ ಕಳಿಸು ಅಂದ, ಕಳಿಸಿದ. ಕೊನೆಯದು ಹಿರೇಕೆರೂರ ಕಡೆಯ ಹುಡುಗಿ. ಭಾನುವಾರವೂ ಎರಡನೇ ರಿಂಗಿಗೇ ಎತ್ತಿದಳು. “ಹಲೋ ಸರ್, ಹೇಳಿ” ಅಂದಳು. ಬೆಂಗಳೂರು ಕನ್ನಡ ಚೆನ್ನಾಗಿಯೇ ಕಲಿತಿದ್ದಳು. ಅವಳ ಹಿಂದೆ, ಸಾಲಾಗಿ ಕೂತವರ ದನಿಗಳು ಒಂದರ ಮೇಲೊಂದು ಬಿದ್ದು ಕೇಳಿಸುತ್ತಿದ್ದವು: ನಿಮ್ಮ ಪ್ರೊಫೈಲ್ ಶಾರ್ಟ್‌ಲಿಸ್ಟ್ ಆಗಿದೆ, ಒರಿಜಿನಲ್ಸ್ ತಗೊಂಡು ಬನ್ನಿ, ಹಾಂ, ಚೆಕ್‌ಬುಕ್ ಕೂಡ.